ಚೋಮನ ಜಾತಿಯ ಹೆಸರನ್ನು ಅಳಿಸಬೇಡಿ

ಚನ್ನಗಿರಿ ತಾಲ್ಲೂಕಿನ ನಲ್ಲೂರಿನಂಥ ಊರಿನ ಶಾಲೆಗಳಲ್ಲಿ ಅಡಿಕೆ ತೋಟದವರ ಮಕ್ಕಳೂ, ಆ ತೋಟಕ್ಕೆ ಗೊನೆ ಕೊಯ್ಯಲು, ಅಡಿಕೆ ಸುಲಿಯಲು ಹೋಗುವವರ ಮಕ್ಕಳೂ ಜೊತೆಯಲ್ಲೇ ಕೂರುತ್ತಾರೆ. ಅಂಥ ತರಗತಿಯಲ್ಲಿ ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ಗಟ್ಟಿಯಾಗಿ ಓದಿಸಿದರೆ ಏನಾಗಬಹುದು? ಚೋಮನ ಜಾತಿಯ ಹೆಸರು ಬಂದ ಕೂಡಲೇ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದು ನಗಬಹುದು, ಒಂದು ಮಗು ತಲೆ ತಗ್ಗಿಸಬಹುದು. ಊಟದ ಬಿಡುವಿನಲ್ಲಿ ಅದೇ ಹೆಸರು ಬೈಗುಳವೂ ಆದೀತು. ‘ಇಂಥ ಪುಸ್ತಕ ನಮ್ಮ ಮಕ್ಕಳಿಗೆ ಬೇಡ’ ಎಂದು ತಂದೆತಾಯಿ ಹೇಳಿದರೆ ಆ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸು ಬಾರದು. ಜಾತಿ ಹೆಸರು ಹಿಡಿದು ನಾಲ್ಕು ಜನರೆದುರು ನಿಂದಿಸುವುದನ್ನು ದೌರ್ಜನ್ಯ ತಡೆ ಕಾಯ್ದೆ ಅಪರಾಧವೆಂದು ಕರೆದಿರುವುದು ಸುಮ್ಮನೆ ಅಲ್ಲ.

ಆದರೂ ಆ ಪುಸ್ತಕ ಶಾಲೆಯಲ್ಲಿರಬೇಕು. 1933ರಲ್ಲಿ ಬಂದ ಈ ಕಾದಂಬರಿಯಲ್ಲಿ ಚೋಮ ಬಯಸಿದ್ದು ಸ್ವಂತಕ್ಕೆ ಉಳಲು ಒಂದು ತುಂಡು ನೆಲ. ಒಡೆಯ ಸಂಕಪ್ಪಯ್ಯ ಕರಗಿದರೂ ಅವನ ತಾಯಿ ಒಪ್ಪುವುದಿಲ್ಲ. ಚೋಮನ ಮಗನೊಬ್ಬ ಹೊಳೆಯಲ್ಲಿ ಮುಳುಗುತ್ತಿರುವಾಗ ದಡದಲ್ಲಿ ಜನರಿದ್ದಾರೆ. ಮೈಲಿಗೆಯ ಭಯಕ್ಕೆ ಅವನನ್ನು ಯಾರೂ ಎಳೆದು ಹಾಕುವುದಿಲ್ಲ. ಜಾತಿಯ ಹೆಸರು ತೆಗೆದು ‘ಬಡ ಕೂಲಿ’ ಎಂದು ತಿದ್ದಿಬಿಟ್ಟರೆ ಆ ಹುಡುಗ ಯಾಕೆ ಸತ್ತ ಎಂಬುದೇ ಮಕ್ಕಳಿಗೆ ತಿಳಿಯುವುದಿಲ್ಲ.

ಅಮೆರಿಕದಲ್ಲಿ ಇದನ್ನೇ ಮಾಡಿದರು. 2011ರಲ್ಲಿ ಮಾರ್ಕ್ ಟ್ವೇನ್ ಅವರ ‘ಹಕಲ್‌ಬೆರಿ ಫಿನ್’ನ ಒಂದು ಆವೃತ್ತಿಯಲ್ಲಿ ಕಪ್ಪು ಜನರನ್ನು ಹೀಯಾಳಿಸುವ ಪದದ ಜಾಗಕ್ಕೆ ‘ಗುಲಾಮ’ ಎಂದು ಹಾಕಿದರು. ಗುಲಾಮಗಿರಿ ಕಾನೂನಿನಲ್ಲಿ ಮುಗಿದ ಮೇಲೂ ಆ ಬೈಗುಳ ಕಪ್ಪು ಜನರ ಬೆನ್ನು ಬಿಟ್ಟಿರಲಿಲ್ಲ.

ನನಗೆ ಇನ್ನೂ ದೊಡ್ಡ ಆತಂಕವಿದೆ. ಬೈಗುಳವಿದೆ ಎಂದು ಪುಸ್ತಕಗಳನ್ನು ಜರಡಿ ಹಿಡಿದರೆ ಸಿದ್ಧಲಿಂಗಯ್ಯನವರ ‘ಊರುಕೇರಿ’, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಉಳಿಯುತ್ತವೆಯೇ? ಅವಮಾನ ಉಂಡವರೇ ಬರೆದ ಪುಸ್ತಕಗಳಿವು. 2021ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಇಂಗ್ಲಿಷ್ ಪಠ್ಯದಿಂದ ಹೊರಬಿದ್ದವರಲ್ಲಿ ತಮಿಳಿನ ದಲಿತ ಲೇಖಕಿಯರಾದ ಬಾಮಾ, ಸುಕೀರ್ತರಾಣಿ ಇದ್ದರು.

ಇಲ್ಲಿ ಹೊಣೆ ಮೇಷ್ಟ್ರದು. ಅಂಥ ಪುಟವನ್ನು ಮಕ್ಕಳಿಂದ ಓದಿಸದೆ ತಾವೇ ಓದಬೇಕು. ಏನು ಬರಲಿದೆ, ಯಾಕೆ ಬರೆದಿದ್ದಾರೆ ಎಂದು ಮೊದಲೇ ಹೇಳಬೇಕು. ಪ್ರಶ್ನೆ ಕೇಳುವಾಗ ಚೋಮನಿಗಿಂತ ಮೊದಲು ದಡದಲ್ಲಿ ನಿಂತವರ ಬಗ್ಗೆ ಕೇಳಬೇಕು. ತರಬೇತಿ ಶಿಬಿರಗಳಲ್ಲಿ ಇದಕ್ಕೆಂದೇ ಒಂದು ದಿನ ಮೀಸಲಿಡಲಿ. ಮೈದಾನದಲ್ಲಿ ಆ ಬೈಗುಳ ಕೇಳಿಬಂದ ದಿನವೇ ಬೈದವನ ಮನೆಯವರನ್ನು ಶಾಲೆಗೆ ಕರೆಸಿ ಮಾತಾಡಲಿ.