‘ಭಾರತಕ್ಕೆ ಕಳಿಸಲ್ಲ’ ಅನ್ನೋ ವಿದೇಶಿ ಕ್ರೀಮ್ ತರಿಸೋದು ಹೇಗೆ? ಖರ್ಚು ಎಲ್ಲೆಲ್ಲಿ?

ಅಮೆರಿಕದ ಆನ್‌ಲೈನ್ ಅಂಗಡಿಯಲ್ಲಿ ಫೇಸ್ ಕ್ರೀಮ್ ಇಷ್ಟವಾಯ್ತು, ಆರ್ಡರ್ ಮಾಡಲು ಹೋದರೆ ‘ಭಾರತಕ್ಕೆ ಕಳಿಸುವುದಿಲ್ಲ’ ಎಂದು ಬಂತಾ? ಇದಕ್ಕೆಂದೇ ಪಾರ್ಸೆಲ್ ಫಾರ್ವರ್ಡಿಂಗ್ ಕಂಪನಿಗಳಿವೆ. ಅವು ನಿಮ್ಮ ಹೆಸರಿಗೆ ಅಲ್ಲಿನದೇ ವಿಳಾಸ ಕೊಡುತ್ತವೆ. ಮಾಲು ಅಲ್ಲಿನ ಗೋದಾಮಿಗೆ ಬಂದ ಮೇಲೆ ಕೊರಿಯರ್‌ನಲ್ಲಿ ನಿಮ್ಮ ಮನೆಗೆ ಕಳಿಸುತ್ತವೆ.

ಖರ್ಚು ಏರೋದು ಇಲ್ಲೇ. ಕೊರಿಯರ್‌ನವರು ತೂಕ ಮಾತ್ರವಲ್ಲ, ಬಾಕ್ಸ್‌ನ ಗಾತ್ರವನ್ನೂ ಲೆಕ್ಕ ಹಾಕ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ 5,000ದಿಂದ ಭಾಗಿಸುವುದು ಸಾಮಾನ್ಯ ಪದ್ಧತಿ. 30×20×20 ಅಳತೆಯ ಬಾಕ್ಸ್‌ನಲ್ಲಿ 200 ಗ್ರಾಂ ಕ್ರೀಮ್ ಇದ್ದರೂ 2.4 ಕೆ.ಜಿ.ಯ ಚಾರ್ಜ್ ಬೀಳುತ್ತೆ. ಚಿಕ್ಕ ಬಾಕ್ಸ್‌ಗೆ ಹಾಕಿ ಕಳಿಸ್ತೀರಾ ಎಂದು ಮೊದಲೇ ಕೇಳಿ.

ಕಸ್ಟಮ್ಸ್ ಸುಂಕ, ಜಿಎಸ್‌ಟಿ ಬೇರೆ. ‘ಗಿಫ್ಟ್ ಅಂತ ಬರೆಸಿದ್ರೆ ಟ್ಯಾಕ್ಸ್ ಇಲ್ಲ’ ಅನ್ನೋದನ್ನು ನಂಬಬೇಡಿ. 5,000 ರೂ.ವರೆಗಿನ ಉಡುಗೊರೆಗಿದ್ದ ಆ ವಿನಾಯಿತಿ 2019ರ ಡಿಸೆಂಬರ್‌ನಲ್ಲೇ ಹೋಗಿದೆ.

ಅಂಗಡಿಯವರು ಗಮನಿಸಿ: ಹೀಗೆ ತರಿಸಿದ್ದು ಸ್ವಂತ ಬಳಕೆಗಷ್ಟೇ. ಮಾರಾಟಕ್ಕೆ ತರಿಸುವ ಕ್ರೀಮ್‌ಗೆ 2020ರ ಸೌಂದರ್ಯವರ್ಧಕ ನಿಯಮಗಳಡಿ ಆಮದು ನೋಂದಣಿ ಬೇಕು. ಗ್ರಾಹಕರೂ ಅಷ್ಟೇ, ಅಂಗಡಿಯಲ್ಲಿ ವಿದೇಶಿ ಕ್ರೀಮ್ ಕೊಳ್ಳುವಾಗ ಲೇಬಲ್ ಮೇಲೆ ನೋಂದಣಿ ಸಂಖ್ಯೆ, ಆಮದುದಾರರ ಹೆಸರು, ವಿಳಾಸ ಇದೆಯಾ ನೋಡಿ. ಇಲ್ಲದಿದ್ದರೆ ಮುಖಕ್ಕೆ ಏನಾದ್ರೂ ಆದಾಗ ಯಾರನ್ನು ಕೇಳ್ತೀರಿ?