ಸಣ್ಣ ಅಂತರ್ಜಾಲ ಸಂಸ್ಥೆ: ನಿರ್ವಹಣೆಯೇ ಬಂಡವಾಳ

ತಾಲ್ಲೂಕು ಕೇಂದ್ರದ ವರ್ತಕನಿಗೆ ಅಂತರ್ಜಾಲ ಸಂಪರ್ಕವು ಇಂದು ತಕ್ಕಡಿಯಷ್ಟೇ ಅವಶ್ಯಕವಾದ ಸಾಧನ. ರಾಜ್ಯದ ಕೃಷಿ ಮಾರುಕಟ್ಟೆಗಳಿಗೆ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಬಂದಿತು. 2016ರಲ್ಲಿ ಯುಪಿಐ ಪಾವತಿ, 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ, 2018ರ ಏಪ್ರಿಲ್ 1ರಿಂದ ಅಂತರರಾಜ್ಯ ಸಾಗಣೆಗೆ ಇ-ವೇ ಬಿಲ್ ಜಾರಿಗೆ ಬಂದವು. ಸಂಪರ್ಕ ಎರಡು ಗಂಟೆ ಕಡಿದುಹೋದರೆ ಲಾರಿ ಗೋದಾಮಿನ ಮುಂದೆಯೇ ನಿಲ್ಲುತ್ತದೆ. ಈ ಸಂಪರ್ಕವನ್ನು ಒದಗಿಸುವ ಸಂಸ್ಥೆ ಅನೇಕ ಊರುಗಳಲ್ಲಿ ಹತ್ತು ಹನ್ನೆರಡು ಮಂದಿ ನೌಕರರಿರುವ ಸ್ಥಳೀಯ ಉದ್ಯಮವೇ ಆಗಿರುತ್ತದೆ. ಅದರ ಯಂತ್ರೋಪಕರಣಗಳ ನಿರ್ವಹಣೆ ಹಾಗೂ ಉನ್ನತೀಕರಣವು ಆ ಸಂಸ್ಥೆಯ ಖಾಸಗಿ ವಿಷಯವಾಗಿ ಉಳಿದಿಲ್ಲ. ಇಡೀ ಪೇಟೆಯ ವಹಿವಾಟು ಅದನ್ನು ಅವಲಂಬಿಸಿದೆ.

ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ಸೇವೆ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಖಾಸಗಿ ಸಂಸ್ಥೆಗಳಿಗೆ ಈ ಕ್ಷೇತ್ರದ ಬಾಗಿಲು ತೆರೆದದ್ದು 1998ರ ನವೆಂಬರ್‌ನಲ್ಲಿ. ಅಂದು ದೇಶವ್ಯಾಪಿ ಸೇವೆಗೆ ‘ಎ’, ದೂರಸಂಪರ್ಕ ವೃತ್ತಕ್ಕೆ ‘ಬಿ’, ಸಣ್ಣ ಪ್ರದೇಶಕ್ಕೆ ‘ಸಿ’ ಎಂಬ ಮೂರು ವರ್ಗದ ಪರವಾನಗಿಗಳನ್ನು ರೂಪಿಸಲಾಯಿತು. ಸರಿಸುಮಾರು ಒಂದು ಜಿಲ್ಲೆಯಷ್ಟು ವ್ಯಾಪ್ತಿಯ ‘ಸಿ’ ವರ್ಗವೇ ಸಣ್ಣ ಉದ್ಯಮಿಗೆ ಎಟುಕಿದ ಹಾದಿ. ಕೇಬಲ್ ಟಿವಿ ನಡೆಸುತ್ತಿದ್ದ ಅನೇಕರು ತಮ್ಮಲ್ಲಿದ್ದ ಕಂಬ, ತಂತಿ ಮತ್ತು ಮನೆಮನೆಯ ಪರಿಚಯವನ್ನೇ ಮೂಲಧನವಾಗಿಸಿಕೊಂಡು ಈ ವೃತ್ತಿಗೆ ಬಂದರು. 2004ರ ನೀತಿಯಲ್ಲಿ ಬ್ರಾಡ್‌ಬ್ಯಾಂಡ್ ಎಂದರೆ ಕನಿಷ್ಠ 256 ಕಿಲೋಬಿಟ್ ವೇಗ. 2013ರಲ್ಲಿ ಅದು 512 ಕಿಲೋಬಿಟ್ ಆಯಿತು. 2023ರಲ್ಲಿ 2 ಮೆಗಾಬಿಟ್‌ಗೆ ಏರಿತು. ಪೇಟೆಯ ನಿರೀಕ್ಷೆ ಇದಕ್ಕಿಂತ ಎಷ್ಟೋ ಮುಂದಿದೆ. 2016ರ ನಂತರ ದೊಡ್ಡ ಕಂಪನಿಗಳ ಅಗ್ಗದ ಮೊಬೈಲ್ ಸೇವೆ, ಆ ಬಳಿಕ ಅವುಗಳದೇ ಫೈಬರ್ ಸೇವೆ ಸಣ್ಣ ಊರುಗಳನ್ನೂ ತಲುಪಿದವು.

ಈ ಪೈಪೋಟಿಯಲ್ಲಿ ಸಣ್ಣ ಸಂಸ್ಥೆ ದರದಲ್ಲಿ ಗೆಲ್ಲಲಾರದು, ಜಾಹೀರಾತಿನಲ್ಲಿಯೂ ಗೆಲ್ಲಲಾರದು. ಕೆಟ್ಟ ಸಂಪರ್ಕವನ್ನು ಅದೇ ದಿನ ಸರಿಪಡಿಸಿಕೊಡುವ ಸಾಮರ್ಥ್ಯವೊಂದೇ ಅದರ ಮೇಲುಗೈ. ಹೀಗಿದ್ದೂ ಕೈಗೆ ಹಣ ಬಂದಾಗ ಮೊದಲು ಖರೀದಿಯಾಗುವುದು ಹೆಚ್ಚು ವೇಗದ ಹೊಸ ಯಂತ್ರ. ಬ್ಯಾಟರಿ, ತಂತಿ, ದಾಖಲೆ ಇವುಗಳ ಸರದಿ ಕೊನೆಗೆ. ಈ ಕ್ರಮ ತಿರುವುಮುರುವಾಗಬೇಕಾಗಿದೆ.

ಮೊದಲ ಗಮನ ವಿದ್ಯುತ್ತಿಗೆ

ಗ್ರಾಹಕರ ದೂರುಗಳಲ್ಲಿ ‘ನೆಟ್ ಇಲ್ಲ’ ಎಂದು ದಾಖಲಾಗುವ ಎಷ್ಟೋ ಪ್ರಕರಣಗಳ ಮೂಲ ವಿದ್ಯುತ್ ವೈಫಲ್ಯ. ಬಡಾವಣೆಯ ಯಾವುದೋ ಮಹಡಿಯ ಮೆಟ್ಟಿಲ ಕೆಳಗಿಟ್ಟ ಪೆಟ್ಟಿಗೆಯಲ್ಲಿ ಉಪಕರಣ ಇರುತ್ತದೆ, ಅದರ ಜೊತೆಗಿನ ಬ್ಯಾಟರಿಯನ್ನು ವರ್ಷಗಟ್ಟಲೆ ಯಾರೂ ಪರೀಕ್ಷಿಸಿರುವುದಿಲ್ಲ. ಮುಚ್ಚಿದ ಸೀಸ-ಆಮ್ಲ ಬ್ಯಾಟರಿಗಳು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ತಕ್ಕಂತೆ ರೂಪುಗೊಂಡಿರುತ್ತವೆ. ಅದರ ಮೇಲೆ ಪ್ರತಿ 10 ಡಿಗ್ರಿ ಏರಿಕೆಗೆ ಅವುಗಳ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ಕ್ಷೇತ್ರದ ಒಪ್ಪಿತ ಲೆಕ್ಕ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ತಗಡಿನ ಪೆಟ್ಟಿಗೆಯೊಳಗಿನ ಬ್ಯಾಟರಿ ಹೊರಗಿನಿಂದ ಸರಿಯಾಗಿಯೇ ಕಂಡರೂ ಒಳಗೆ ಶಕ್ತಿ ಕಳೆದುಕೊಂಡಿರುತ್ತದೆ.

12 ವೋಲ್ಟ್, 100 ಆಂಪಿಯರ್-ಗಂಟೆಯ ಹೊಸ ಬ್ಯಾಟರಿಯಲ್ಲಿ 1,200 ವ್ಯಾಟ್-ಗಂಟೆ ಶಕ್ತಿ ಇರುತ್ತದೆ. ಬಾಳಿಕೆಯ ದೃಷ್ಟಿಯಿಂದ ಅರ್ಧದಷ್ಟನ್ನೇ ಬಳಸಿ, 60 ವ್ಯಾಟ್ ಬೇಡುವ ಉಪಕರಣವನ್ನು ಅದಕ್ಕೆ ಜೋಡಿಸಿದರೆ ಲೆಕ್ಕಕ್ಕೆ ಹತ್ತು ಗಂಟೆ ದೊರೆಯಬೇಕು. ಪರಿವರ್ತನೆಯ ನಷ್ಟ ಕಳೆದು ಎಂಟು ಗಂಟೆಯಾದರೂ ಸಿಗಬೇಕು. ಒಂದೇ ಗಂಟೆಯಲ್ಲಿ ಉಪಕರಣ ಆರಿಹೋದರೆ ಬ್ಯಾಟರಿ ಬದಲಿಸುವ ಕಾಲ ಬಂದಿದೆ ಎಂದೇ ಅರ್ಥ. ಮೂರು ತಿಂಗಳಿಗೊಮ್ಮೆ ಮುಖ್ಯ ವಿದ್ಯುತ್ತನ್ನು ಉದ್ದೇಶಪೂರ್ವಕವಾಗಿ ತೆಗೆದು ಕಾಲಾವಧಿಯನ್ನು ಅಳೆದು ಬರೆದಿಡುವುದಕ್ಕೆ ಯಾವ ವೆಚ್ಚವೂ ತಗಲುವುದಿಲ್ಲ.

ಏಪ್ರಿಲ್, ಮೇ ತಿಂಗಳ ಮುಂಗಾರುಪೂರ್ವ ಗುಡುಗು ಮಿಂಚು ಮತ್ತೊಂದು ಹೊಡೆತ. ಗಾಜಿನ ಎಳೆ ವಿದ್ಯುತ್ತನ್ನು ಹರಿಸದು. ಕಟ್ಟಡದಿಂದ ಕಟ್ಟಡಕ್ಕೆ ಎಳೆದ ತಾಮ್ರದ ತಂತಿಯಾದರೋ ಸಿಡಿಲಿನ ಆಘಾತವನ್ನು ನೇರವಾಗಿ ಉಪಕರಣಕ್ಕೆ ತಲುಪಿಸುತ್ತದೆ. ಹಳೆಯ ಜಾಲದಲ್ಲಿ ಉಳಿದಿರುವ ತಾಮ್ರದ ತುಂಡುಗಳನ್ನು ಮಳೆಗಾಲಕ್ಕೆ ಮುನ್ನ ಫೈಬರ್‌ಗೆ ಬದಲಿಸುವುದು, ಕೇಬಲ್ ಹೊರುವ ಉಕ್ಕಿನ ತಂತಿಗೂ ಗೋಪುರಕ್ಕೂ ಸರಿಯಾದ ಭೂಸಂಪರ್ಕ ನೀಡುವುದು, ಇವು ಹೊಸ ರೂಟರ್‌ಗಿಂತ ಮೊದಲು ಆಗಬೇಕಾದ ಉನ್ನತೀಕರಣಗಳು.

ಬೆಳಕಿನ ಆಯವ್ಯಯ

ಫೈಬರ್ ಜಾಲಕ್ಕೂ ಒಂದು ಆಯವ್ಯಯ ಪತ್ರವಿದೆ. ಅದರ ನಾಣ್ಯ ಡೆಸಿಬಲ್. ಸಾಮಾನ್ಯ ಬಳಕೆಯಲ್ಲಿರುವ ಜಿಪಾನ್ ವ್ಯವಸ್ಥೆಯಲ್ಲಿ ಕೇಂದ್ರದಿಂದ ಹೊರಟ ಒಂದೇ ಎಳೆಯ ಬೆಳಕನ್ನು ಸ್ಪ್ಲಿಟರ್ ಮೂಲಕ 32 ಅಥವಾ 64 ಮನೆಗಳಿಗೆ ಹಂಚಲಾಗುತ್ತದೆ. ಪ್ರಚಲಿತವಾದ ‘ಬಿ ಪ್ಲಸ್’ ದರ್ಜೆಯಲ್ಲಿ ಒಟ್ಟು 28 ಡೆಸಿಬಲ್ ನಷ್ಟವನ್ನು ತಾಳಿಕೊಳ್ಳಬಹುದು. 32 ಕವಲಿನ ಸ್ಪ್ಲಿಟರ್‌ಗೆ ಸುಮಾರು 17, ಹತ್ತು ಕಿಲೋಮೀಟರ್ ಎಳೆಗೆ 3.5, ಹತ್ತು ಬೆಸುಗೆಗಳಿಗೆ 1, ನಾಲ್ಕು ಕನೆಕ್ಟರ್‌ಗಳಿಗೆ 2 ಎಂದು ಕೂಡಿಸಿದರೆ 23.5 ಖರ್ಚಾಗಿ 4.5 ಡೆಸಿಬಲ್ ಉಳಿತಾಯವಿರುತ್ತದೆ.

ಈ ಉಳಿತಾಯ ಸದ್ದಿಲ್ಲದೆ ಕರಗುತ್ತದೆ. ರಸ್ತೆ ಅಗೆತದಲ್ಲಿ ಎಳೆ ತುಂಡಾದಾಗ ಅವಸರದಲ್ಲಿ ಹಾಕಿದ ಬೆಸುಗೆ, ಅಳಿಲು ಕಚ್ಚಿದ ಜಾಗದ ತಾತ್ಕಾಲಿಕ ಜೋಡಣೆ, ಕಂಬದಲ್ಲಿ ಬಿಗಿಯಾಗಿ ಸುತ್ತಿದ ತಿರುವು, ನೀರು ಇಳಿದ ಪೆಟ್ಟಿಗೆ, ಎಲ್ಲವೂ ಅದರಿಂದ ಒಂದಿಷ್ಟನ್ನು ಕಬಳಿಸುತ್ತವೆ. ಇನ್ನೆರಡು ಮನೆಗೆ ಕೊಡುವ ಆಸೆಯಿಂದ ಒಂದು ಕವಲಿಗೆ ಮತ್ತೊಂದು ಇಬ್ಬಗೆಯ ಸ್ಪ್ಲಿಟರ್ ಸೇರಿಸಿದರೆ 3.5 ಡೆಸಿಬಲ್ ಒಮ್ಮೆಗೇ ಹೋಗುತ್ತದೆ. ಆಮೇಲೆ ಮಳೆ ಬಂದಾಗ ಮಾತ್ರ ಕಡಿಯುವ, ಬಿಸಿಲು ಬಂದೊಡನೆ ಸರಿಹೋಗುವ ದೂರುಗಳು ಆರಂಭವಾಗುತ್ತವೆ. ಪ್ರತಿ ಗ್ರಾಹಕನ ಮನೆಯ ಪೆಟ್ಟಿಗೆಗೆ ತಲುಪುವ ಬೆಳಕಿನ ಮಟ್ಟವನ್ನು ಕೇಂದ್ರದಲ್ಲಿ ಕುಳಿತೇ ಓದಬಹುದು. ಸಂಪರ್ಕ ಕೊಟ್ಟ ದಿನ ಮೈನಸ್ 21 ಇದ್ದದ್ದು ಆರು ತಿಂಗಳಲ್ಲಿ ಮೈನಸ್ 25 ಆಗಿದ್ದರೆ, ಮೈನಸ್ 27ರ ಗಡಿ ಮುಟ್ಟುವ ಮೊದಲೇ ತಂತ್ರಜ್ಞನನ್ನು ಕಳುಹಿಸಲು ಅವಕಾಶವಿದೆ. ಗ್ರಾಹಕ ದೂರು ಕೊಡುವ ಮುನ್ನವೇ ದೋಷ ಪರಿಹಾರವಾದರೆ ಆ ಸಂಸ್ಥೆಯ ಹೆಸರು ತಾನಾಗಿಯೇ ಉಳಿಯುತ್ತದೆ.

ಜಿಪಾನ್‌ನಲ್ಲಿ ಗ್ರಾಹಕರತ್ತ ಹರಿಯುವ ಒಟ್ಟು ವೇಗ ಸುಮಾರು 2.5 ಗಿಗಾಬಿಟ್. 32 ಮಂದಿ ಏಕಕಾಲಕ್ಕೆ ಬಳಸಿದರೂ ತಲಾ 78 ಮೆಗಾಬಿಟ್ ಬರುತ್ತದೆ. ಅದು ಸಾಲದಾದಾಗ 10 ಗಿಗಾಬಿಟ್‌ನ ಮುಂದಿನ ಪೀಳಿಗೆಯ ಉಪಕರಣವನ್ನು ಅದೇ ಎಳೆಯ ಮೇಲೆ, ಬೇರೆ ತರಂಗಾಂತರದಲ್ಲಿ, ಹಳೆಯದರ ಜೊತೆಯಲ್ಲಿಯೇ ನಡೆಸಬಹುದು. ಯಂತ್ರ ಹಲವು ಬಾರಿ ಬದಲಾಗಬಹುದು, ಒಳ್ಳೆಯ ರೀತಿಯಲ್ಲಿ ಹಾಕಿದ ಎಳೆ ದಶಕಗಳ ಕಾಲ ಬಾಳುತ್ತದೆ. ಆದ್ದರಿಂದ ಎಳೆಯ ಗುಣಮಟ್ಟಕ್ಕೆ ಹಾಕಿದ ಹಣವೇ ನಿಜವಾದ ಸ್ಥಿರ ಆಸ್ತಿ.

ಎರಡು ಮಾರ್ಗಗಳ ಮಾತು

ಸ್ಥಳೀಯ ಸಂಸ್ಥೆ ತನ್ನ ಸಗಟು ಸಂಪರ್ಕವನ್ನು ದೊಡ್ಡ ಕಂಪನಿಗಳಿಂದ ಕೊಳ್ಳುತ್ತದೆ. ಇಬ್ಬರಿಂದ ಕೊಂಡರೆ ಒಂದು ಕೆಟ್ಟಾಗ ಇನ್ನೊಂದು ಉಳಿಯುತ್ತದೆ ಎಂಬ ನಂಬಿಕೆ ಸಹಜ. ಆದರೆ ಎರಡು ಬಿಲ್ಲುಗಳಿದ್ದ ಮಾತ್ರಕ್ಕೆ ಎರಡು ಮಾರ್ಗಗಳಿವೆ ಎಂದಾಗದು. ಇಬ್ಬರ ಎಳೆಯೂ ಒಂದೇ ಹೆದ್ದಾರಿಯ ಅಂಚಿನಲ್ಲಿ, ಒಂದೇ ಸೇತುವೆಯ ಮೇಲೆ ಸಾಗಿರಬಹುದು. ರಸ್ತೆ ಅಗಲೀಕರಣದ ಒಂದೇ ಯಂತ್ರ ಎರಡನ್ನೂ ಕಡಿದು ಹಾಕಬಲ್ಲದು. 2018ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಶಿರಾಡಿ ಘಾಟಿಯ ಸಂಚಾರ ನಿಂತುಹೋದದ್ದನ್ನು ಕರಾವಳಿಯ ಉದ್ಯಮಿಗಳು ಮರೆತಿರಲಾರರು. ಅಂತಹ ದಾರಿಯ ಮೇಲೆಯೇ ಎರಡೂ ಸಂಪರ್ಕಗಳು ನಿಂತಿದ್ದರೆ ದುರಸ್ತಿ ತಂಡ ಸ್ಥಳ ತಲುಪುವುದೇ ಕಷ್ಟ. ಸಮುದ್ರದಡಿಯ ಕೇಬಲ್‌ಗಳಿಗೂ ಈ ಮಾತು ಅನ್ವಯಿಸುತ್ತದೆ: 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಎರಡು ಕೇಬಲ್‌ಗಳು ಕಡಿದಾಗ ಭಾರತದ ಅಂತರ್ಜಾಲ ಸೇವೆಯೂ ಕುಂಟಿತು. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಎಳೆ ಸಾಗುವ ಮಾರ್ಗದ ನಕ್ಷೆಯನ್ನು ಕೇಳುವುದು ಉದ್ಯಮಿಯ ಹಕ್ಕು.

ದೇಶದೊಳಗಿನ ಸಂಚಾರವನ್ನು ದೇಶದೊಳಗೇ ವಿನಿಮಯ ಮಾಡಿಕೊಳ್ಳಲು 2003ರಲ್ಲಿ ಭಾರತೀಯ ರಾಷ್ಟ್ರೀಯ ಅಂತರ್ಜಾಲ ವಿನಿಮಯ ಕೇಂದ್ರ, ಅಂದರೆ ನಿಕ್ಸಿ, ಸ್ಥಾಪನೆಗೊಂಡಿತು. ಬೆಂಗಳೂರಿನಲ್ಲಿಯೂ ಅದರ ಕೇಂದ್ರವಿದೆ. ವಿನಿಮಯ ಕೇಂದ್ರಗಳಲ್ಲಿ ಜನಪ್ರಿಯ ವಿಡಿಯೋ ಮತ್ತಿತರ ಸೇವೆಗಳ ಸಂಚಾರ ದೊರೆತಷ್ಟೂ ಸಗಟು ಖರೀದಿಯ ಹೊರೆ ಇಳಿಯುತ್ತದೆ.

ವಿಳಾಸದ ಅಭಾವ, ದಾಖಲೆಯ ಹೊಣೆ

ಅಂತರ್ಜಾಲದ ಹಳೆಯ ಮಾದರಿಯ ವಿಳಾಸಗಳು, ಐಪಿವಿ4, ಏಷ್ಯಾ-ಪೆಸಿಫಿಕ್ ಪ್ರದೇಶದ ಮುಕ್ತ ದಾಸ್ತಾನಿನಲ್ಲಿ 2011ರ ಏಪ್ರಿಲ್‌ನಲ್ಲಿಯೇ ಮುಗಿದು ರೇಷನ್ ಪದ್ಧತಿ ಆರಂಭವಾಯಿತು. ಹೀಗಾಗಿ ಸಣ್ಣ ಸಂಸ್ಥೆಗಳು ಒಂದೇ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುತ್ತವೆ. ಒಂದು ವಿಳಾಸದಲ್ಲಿ ಬಳಕೆಗೆ ಬರುವ ಪೋರ್ಟ್‌ಗಳು 64 ಸಾವಿರ ಚಿಲ್ಲರೆ. ತಲಾ ಸಾವಿರದಂತೆ ಹಂಚಿದರೆ 64 ಗ್ರಾಹಕರಿಗೆ ಒಂದು ವಿಳಾಸ ಸಾಕಾಗುತ್ತದೆ. ಆದರೆ ಯಾವ ಸಮಯದಲ್ಲಿ ಯಾವ ಪೋರ್ಟ್ ಯಾರ ಬಳಿ ಇತ್ತು ಎಂಬ ದಾಖಲೆ ಕಾನೂನಿನ ಅಗತ್ಯ. 2021ರ ಡಿಸೆಂಬರ್‌ನಲ್ಲಿ ಮಾಡಿದ ಪರವಾನಗಿ ತಿದ್ದುಪಡಿಯಿಂದ ಇಂತಹ ದಾಖಲೆಗಳನ್ನು ಇಡುವ ಅವಧಿ ಎರಡು ವರ್ಷಕ್ಕೆ ಏರಿತು. 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನವು ಯಂತ್ರಗಳ ಗಡಿಯಾರವನ್ನು ಅಧಿಕೃತ ಸಮಯಕ್ಕೆ ಹೊಂದಿಸುವುದು, ಭದ್ರತಾ ಘಟನೆಗಳನ್ನು ಆರು ಗಂಟೆಯೊಳಗೆ ವರದಿ ಮಾಡುವುದು ಮೊದಲಾದ ಹೊಣೆಗಳನ್ನು ಸೇರಿಸಿತು. ಪ್ರತಿ ಗ್ರಾಹಕನಿಗೆ ನಿಶ್ಚಿತ ಪೋರ್ಟ್ ಗುಂಪನ್ನು ಕೊಡುವ ವಿಧಾನದಿಂದ ದಾಖಲೆಯ ಗಾತ್ರ ಬಹಳ ಮಟ್ಟಿಗೆ ತಗ್ಗುತ್ತದೆ. ಜೊತೆಗೆ ಐಪಿವಿ6 ಕೊಟ್ಟರೆ ಹಂಚಿಕೆಯ ಒತ್ತಡವೂ ಕಡಿಮೆಯಾಗುತ್ತದೆ.

ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸುವ ಕೆಲಸವನ್ನು ಮುಂದೂಡಿದವರಿಗೆ 2018 ಪಾಠ ಕಲಿಸಿತು. ಸಣ್ಣ ಸಂಸ್ಥೆಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಮೈಕ್ರೋಟಿಕ್ ರೂಟರ್‌ಗಳಲ್ಲಿ ಕಂಡುಬಂದ ದೋಷಕ್ಕೆ ತಯಾರಕರು ಏಪ್ರಿಲ್‌ನಲ್ಲಿಯೇ ಪರಿಹಾರ ನೀಡಿದ್ದರು. ಆಗಸ್ಟ್ ವೇಳೆಗೆ, ಆ ಪರಿಹಾರವನ್ನು ಅಳವಡಿಸಿಕೊಳ್ಳದ ಲಕ್ಷಕ್ಕೂ ಮಿಕ್ಕಿದ ರೂಟರ್‌ಗಳು ಜಗತ್ತಿನಾದ್ಯಂತ ಪರರ ವಶವಾಗಿದ್ದವು. ನಿರ್ವಹಣಾ ಬಾಗಿಲನ್ನು ಹೊರಜಗತ್ತಿಗೆ ಮುಚ್ಚಿಡುವುದು ಹಾಗೂ ಪರಿಹಾರ ಬಂದ ವಾರದೊಳಗೆ ಅಳವಡಿಸುವುದು ಎಂಬ ಎರಡು ನಿಯಮಗಳೇ ಆ ಸಂಸ್ಥೆಗಳನ್ನು ಕಾಯಬಹುದಿತ್ತು.

ಬದಲಾವಣೆಯ ರಾತ್ರಿ

ಮುಖ್ಯ ರೂಟರ್ ಬದಲಿಸುವ ಕೆಲಸಕ್ಕೆ ರಾತ್ರಿ ಎರಡರಿಂದ ಐದು ಗಂಟೆಯ ಅವಧಿ ಸೂಕ್ತ. ಹಬ್ಬದ ಮುನ್ನಾದಿನ, ತಿಂಗಳ ಕೊನೆ ಹಾಗೂ ಜಿಎಸ್‌ಟಿ ಮಾಸಿಕ ವಿವರಣಾ ಪತ್ರ ಸಲ್ಲಿಸುವ 20ನೇ ತಾರೀಖಿನ ಆಸುಪಾಸು ವರ್ಜ್ಯ. ಹಳೆಯ ಯಂತ್ರದ ಸಂರಚನೆಯ ಪ್ರತಿಯನ್ನು ಬೇರೆಡೆ ಉಳಿಸಿ, ಗ್ರಾಹಕರಿಗೆ ಎರಡು ದಿನ ಮೊದಲೇ ಸಂದೇಶ ಕಳುಹಿಸಿರಬೇಕು. ನಾಲ್ಕು ಗಂಟೆಯ ಒಳಗೆ ಹೊಸದು ಸರಿಯಾಗಿ ನಡೆಯದಿದ್ದರೆ ಹಳೆಯದಕ್ಕೆ ಮರಳುವುದೆಂದು ಮೊದಲೇ ನಿರ್ಧರಿಸಿ, ಆ ನಿರ್ಧಾರಕ್ಕೆ ಬದ್ಧವಾಗಿರಬೇಕು. ಇನ್ನು ಹತ್ತೇ ನಿಮಿಷ ಎನ್ನುತ್ತಾ ಬೆಳಗು ಮಾಡಿಕೊಂಡರೆ ಅಂಗಡಿ ಬಾಗಿಲು ತೆರೆಯುವ ಹೊತ್ತಿಗೆ ಊರೇ ಕತ್ತಲಲ್ಲಿರುತ್ತದೆ.

ಪರೀಕ್ಷೆಯೂ ಒಂದು ಜಾಲತಾಣ ತೆರೆದು ನೋಡಿದಲ್ಲಿಗೆ ಮುಗಿಯದು. ಪಿಪಿಪಿಒಇ ಪದ್ಧತಿಯಲ್ಲಿ ದತ್ತಾಂಶದ ಪ್ಯಾಕೆಟ್‌ನ ಗಾತ್ರ 1,500ರಿಂದ 1,492 ಬೈಟ್‌ಗೆ ಇಳಿಯುತ್ತದೆ. ಇದನ್ನು ಹೊಸ ಯಂತ್ರದಲ್ಲಿ ಸರಿಯಾಗಿ ನಮೂದಿಸದಿದ್ದರೆ ಕೆಲವು ತಾಣಗಳು ಚೆನ್ನಾಗಿ ತೆರೆದುಕೊಂಡು ಇನ್ನು ಕೆಲವು ಅರ್ಧಕ್ಕೇ ನಿಲ್ಲುತ್ತವೆ. ಬ್ಯಾಂಕ್, ತೆರಿಗೆ, ಇ-ವೇ ಬಿಲ್ ಮತ್ತು ಪಾವತಿ ತಾಣಗಳನ್ನು ಒಂದೊಂದಾಗಿ ಪರೀಕ್ಷಿಸುವ ಪಟ್ಟಿ ಸಿದ್ಧವಾಗಿರಬೇಕು. ಹಳೆಯ ರೂಟರನ್ನು ಮಾರದೆ, ಸಂರಚನೆಯೊಡನೆ ಸಿದ್ಧವಾಗಿ ಕಪಾಟಿನಲ್ಲಿರಿಸುವುದು ಲೇಸು.

ತಲೆಯಲ್ಲಿರುವ ನಕ್ಷೆ

ಇಷ್ಟೆಲ್ಲದರ ನಡುವೆ ಅತ್ಯಂತ ದುರ್ಬಲವಾದ ಕೊಂಡಿ ಯಂತ್ರವಲ್ಲ. ಕೇಬಲ್‌ನೊಳಗಿನ ಹನ್ನೆರಡು ಬಣ್ಣದ ಎಳೆಗಳಲ್ಲಿ ನೀಲಿ ಯಾವ ಬಡಾವಣೆಗೆ, ಕಿತ್ತಳೆ ಯಾವ ಬ್ಯಾಂಕಿಗೆ ಹೋಗಿದೆ ಎಂಬುದು ಅನೇಕ ಸಂಸ್ಥೆಗಳಲ್ಲಿ ಒಬ್ಬ ಹಿರಿಯ ತಂತ್ರಜ್ಞನ ತಲೆಯಲ್ಲಿ ಮಾತ್ರ ಇರುತ್ತದೆ. ಗುಪ್ತಪದಗಳು ಮಾಲೀಕನ ಮೊಬೈಲಿನಲ್ಲಿ ಮಾತ್ರ. ಆ ತಂತ್ರಜ್ಞ ಕೆಲಸ ಬಿಟ್ಟರೆ ಅಥವಾ ಹಾಸಿಗೆ ಹಿಡಿದರೆ ಒಂದು ಗಂಟೆಯ ದುರಸ್ತಿ ಎರಡು ದಿನ ಹಿಡಿಯುತ್ತದೆ. ಪ್ರತಿ ಪೆಟ್ಟಿಗೆಯ ಸ್ಥಳ, ಪ್ರತಿ ಎಳೆಯ ಬಣ್ಣ, ಪ್ರತಿ ಬೆಸುಗೆಯ ದಿನಾಂಕವನ್ನು ಸಾಧಾರಣ ಲೆಕ್ಕದ ಹಾಳೆಯಲ್ಲಿ ಬರೆದು ಎರಡು ಕಡೆ ಇಡುವುದೇ ಸಣ್ಣ ಸಂಸ್ಥೆಗೆ ಅತ್ಯಂತ ಅಗ್ಗದ ಉನ್ನತೀಕರಣ.

ಹಣದ ಪ್ರಶ್ನೆಯನ್ನು ಮರೆಯುವಂತಿಲ್ಲ. ಎರಡು ಸಾವಿರ ಗ್ರಾಹಕರಿರುವ ಒಂದು ಸಂಸ್ಥೆಗೆ ಐದು ವರ್ಷದ ಕೊನೆಯಲ್ಲಿ ಉಪಕರಣ ಬದಲಿಸಲು 30 ಲಕ್ಷ ರೂಪಾಯಿ ಬೇಕೆಂದು ಭಾವಿಸಿದರೆ, ತಿಂಗಳಿಗೆ 50 ಸಾವಿರ, ಅಂದರೆ ಗ್ರಾಹಕನೊಬ್ಬನಿಂದ ಬರುವ ಶುಲ್ಕದಲ್ಲಿ 25 ರೂಪಾಯಿಯನ್ನು ಪ್ರತ್ಯೇಕ ಖಾತೆಗೆ ಹಾಕಬೇಕಾಗುತ್ತದೆ. ಪೈಪೋಟಿಯ ಭರದಲ್ಲಿ ದರವನ್ನು 50 ರೂಪಾಯಿ ಇಳಿಸುವ ಸಂಸ್ಥೆ ಈ 25 ರೂಪಾಯಿಯನ್ನೂ ಬಿಟ್ಟುಕೊಡುತ್ತಿರುತ್ತದೆ. ಅದರ ಫಲ ಆ ವರ್ಷ ಕಾಣುವುದಿಲ್ಲ. ನಾಲ್ಕನೆಯ ಮಳೆಗಾಲದಲ್ಲಿ ಕಾಣುತ್ತದೆ.

ಗ್ರಾಹಕರಾದ ವರ್ತಕರ ಹೊಣೆಯೂ ಇದೆ. ವೇಗವೆಷ್ಟು, ದರವೆಷ್ಟು ಎಂದು ಕೇಳುವುದರ ಜೊತೆಗೆ ವಿದ್ಯುತ್ ಹೋದರೆ ಎಷ್ಟು ಗಂಟೆ ಸೇವೆ ಇರುತ್ತದೆ, ಬೇರೆ ಮಾರ್ಗದ ಎರಡನೆಯ ಸಂಪರ್ಕ ಇದೆಯೇ, ದುರಸ್ತಿಗೆ ಎಷ್ಟು ಸಮಯ ಎಂಬ ಮೂರು ಪ್ರಶ್ನೆಗಳನ್ನು ಕೇಳತೊಡಗಿದರೆ ಒಳ್ಳೆಯ ನಿರ್ವಹಣೆಗೆ ಮಾರುಕಟ್ಟೆಯಲ್ಲಿ ಬೆಲೆ ಬರುತ್ತದೆ. ಆ ಬೆಲೆ ದೊರೆತ ಊರಿನಲ್ಲಿ ಸ್ಥಳೀಯ ಸಂಸ್ಥೆ ಉಳಿಯುತ್ತದೆ. ಮಳೆಗಾಲದ ರಾತ್ರಿ ಏಣಿ ಹೊತ್ತು ಬರುವ ಪರಿಚಿತ ತಂತ್ರಜ್ಞನೂ ಅಲ್ಲಿ ಉಳಿಯುತ್ತಾನೆ.