ನಿಮಗಿದು ಗೊತ್ತೇ? ಗುಜರಿಯಿಂದ ಎದ್ದು ಬರುವ ಟೂ ಸ್ಟ್ರೋಕ್

ಮದ್ರಾಸಿನ ಕೀಲ್ಪಾಕಿನ ಹಳೇ ಮನೆಯೊಂದರ ಕಾರ್‌ಶೆಡ್ಡಿನಲ್ಲಿ ಅಜ್ಜನ ಕಾಲದ ಜಾವಾ ಬೈಕು ಟಾರ್ಪಾಲು ಹೊದ್ದು ನಿಂತಿದೆಯೇ? ತೂಕಕ್ಕೆ ಹಾಕುವ ಮುನ್ನ ಇದನ್ನು ಓದಿ. ನಿಂತುಹೋದ ಟೂ ಸ್ಟ್ರೋಕ್ ಗಾಡಿಗಳಲ್ಲಿ ಬಹಳಷ್ಟು ಸತ್ತಿರುವುದಿಲ್ಲ, ಅವುಗಳನ್ನು ಬಿಚ್ಚಿ ನೋಡಿದವರಿರುವುದಿಲ್ಲ ಅಷ್ಟೆ.

● ಜಾವಾ ಮೂಲತಃ ಚೆಕ್ ನಾಡಿನದು. ಭಾರತದಲ್ಲಿ ಅದನ್ನು ತಯಾರಿಸಿದ ಐಡಿಯಲ್ ಜಾವಾ ಕಂಪನಿ 1960ರಲ್ಲಿ ಹುಟ್ಟಿದ್ದು ಮೈಸೂರಿನಲ್ಲಿ. ಯಾದವಗಿರಿಯ ಕಾರ್ಖಾನೆಯನ್ನು ಉದ್ಘಾಟಿಸಿದವರು ಜಯಚಾಮರಾಜ ಒಡೆಯರ್. 1970ರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು, 1996ರಲ್ಲಿ ಬಾಗಿಲು ಮುಚ್ಚಿತು. ಕಾರ್ಖಾನೆ ಮುಚ್ಚಿ ಮೂರು ದಶಕವಾಗುತ್ತ ಬಂದರೂ ಗಾಡಿಗಳು ಓಡುತ್ತಿವೆ. ಇದಕ್ಕೆ ಗುಜರಿ ಅಂಗಡಿಗಳ ಋಣ ದೊಡ್ಡದು.

● ಆ ಗುಜರಿ ಕೀಲ್ಪಾಕಿಗೆ ಹತ್ತಿರದಲ್ಲೇ ಇದೆ. ಪೂನಮಲ್ಲಿ ಹೈರೋಡ್ ಹಿಡಿದು ಎಗ್ಮೋರ್ ಕಡೆಗೆ ಮೂರ್ನಾಲ್ಕು ಕಿಲೋಮೀಟರ್ ಹೋದರೆ ಕೂವಂ ನದಿಯ ಬದಿಗೆ ಪುದುಪೇಟೆ. ಬೆಂಗಳೂರಿನವರಿಗೆ ಶಿವಾಜಿನಗರವಿದ್ದಂತೆ ಮದ್ರಾಸಿನವರಿಗೆ ಇದು. ಒಂದು ಅಂಗಡಿಯಲ್ಲಿ ಬರೀ ಬಾಗಿಲು, ಇನ್ನೊಂದರಲ್ಲಿ ಬರೀ ಎಂಜಿನ್, ಮತ್ತೊಂದರಲ್ಲಿ ತಂತಿಗೆ ಪೋಣಿಸಿ ತೂಗುಹಾಕಿದ ಕಾರ್ಬೊರೇಟರುಗಳು. ಇಲ್ಲಿಗೆ ಹೋಗುವಾಗ ಮನೆಯಲ್ಲಿರುವ ಹಳೇ ಪಾರ್ಟನ್ನು ಕೈಯಲ್ಲೇ ಹಿಡಿದು ಹೋಗಬೇಕು. ಫೋಟೋ ತೋರಿಸಿ ಕೊಂಡದ್ದು ಅರ್ಧ ಎಂ.ಎಂ. ವ್ಯತ್ಯಾಸದಲ್ಲಿ ಕೂರದೇ ಹೋಗಬಹುದು. ಎರಡನ್ನೂ ಒಟ್ಟಿಗೆ ಹಿಡಿದು, ಬೋಲ್ಟ್ ತೂತುಗಳನ್ನು ಹೊಂದಿಸಿ ನೋಡಿದ ಮೇಲೆಯೇ ದುಡ್ಡು ತೆಗೆಯಿರಿ.

● ಹಿಮದ ಮೇಲೆ ಓಡುವ ಸ್ನೋಮೊಬೈಲಿನ ಮೂಲವೂ ಹಳೇ ಸಾಮಾನೇ! ಕೆನಡಾದ ವಾಲ್ಕೂರ್ ಎಂಬ ಹಳ್ಳಿಯ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೇ 1922ರಲ್ಲಿ, ತನ್ನ ಹದಿನೈದನೇ ವಯಸ್ಸಿಗೆ, ಫೋರ್ಡ್ ಮಾಡೆಲ್ ಟಿ ಕಾರಿನ ಎಂಜಿನ್ನನ್ನು ಜಾರುಬಂಡಿಗೆ ಕೂರಿಸಿ, ಹಿಂದೆ ಫ್ಯಾನ್ ಕಟ್ಟಿ ಓಡಿಸಿದ. ಅವನ ಕಂಪನಿಯ ಸ್ಕೀ-ಡೂ 1959ರಲ್ಲಿ ಬಂತು. ಮುಂದೆ ಅದಕ್ಕೆ ಕೂತದ್ದು ಆಸ್ಟ್ರಿಯಾದ ರೋಟ್ಯಾಕ್ಸ್ ಟೂ ಸ್ಟ್ರೋಕ್ ಎಂಜಿನ್. ನಮ್ಮವರು ಅದನ್ನು ನೋಡುವುದು ಗುಲ್ಮಾರ್ಗಿಗೆ ಪ್ರವಾಸ ಹೋದಾಗ. ಆದರೆ ಯೆಜ್ಡಿ ಬಿಚ್ಚಿ ಜೋಡಿಸಿದ ಮೆಕ್ಯಾನಿಕ್ಕಿಗೆ ಹಳೇ ಸ್ನೋಮೊಬೈಲಿನ ಎಂಜಿನ್ ಒಳಗೆ ಗುರುತು ಸಿಗದಂಥದ್ದು ಹೆಚ್ಚೇನೂ ಇರದು.

● ಈ ಎಂಜಿನ್ ಹಿಂದುಮುಂದಾಗಿಯೂ ತಿರುಗುತ್ತದೆ, ಗೊತ್ತೇ? ಟೂ ಸ್ಟ್ರೋಕಿನಲ್ಲಿ ವಾಲ್ವುಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ಮೇಲೆ ಕೆಳಗೆ ಹೋಗುತ್ತ ಮುಚ್ಚಿ ತೆರೆಯುತ್ತದೆ. ಎಡಕ್ಕೆ ತಿರುಗಿದರೇನು, ಬಲಕ್ಕೆ ತಿರುಗಿದರೇನು, ಕಿಂಡಿಗಳಿಗೆ ಎರಡೂ ಒಂದೇ. ಟೈಮಿಂಗ್ ತಪ್ಪಿದ ಗಾಡಿ ಕಿಕ್ ಹೊಡೆದಾಗ ಕಾಲಿಗೆ ತಿರುಗಿ ಬಡಿಯುವುದು ಕಿಡಿ ಬೇಗನೆ ಹಾರುವುದರಿಂದ. ಸ್ಕೀ-ಡೂನವರು ಎರಡೂ ಕಡೆಗೆ ತಿರುಗುವ ಈ ಗುಣವನ್ನೇ ಬಳಸಿಕೊಂಡರು. ರಿವರ್ಸ್ ಗುಂಡಿ ಒತ್ತಿದರೆ ಎಂಜಿನ್ ನಿಲ್ಲುವಷ್ಟು ನಿಧಾನವಾಗುತ್ತದೆ, ಆ ಕ್ಷಣದಲ್ಲಿ ಕಿಡಿ ಬೇಗನೆ ಹಾರಿ, ಮೇಲೇರುತ್ತಿದ್ದ ಪಿಸ್ಟನ್ನನ್ನು ಬಂದ ದಾರಿಗೇ ತಳ್ಳುತ್ತದೆ. ಬೇರೆ ರಿವರ್ಸ್ ಗೇರ್ ಬೇಕಿಲ್ಲ, ಎಂಜಿನ್ನೇ ಉಲ್ಟಾ ಓಡುತ್ತದೆ. ಎಂಥ ಸೊಗಸಾದ ಯೋಚನೆ!

● ಜಾವಾದ ಗೇರ್ ಲಿವರನ್ನು ಒಳಕ್ಕೊತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಗೇರ್ ಒತ್ತುವಾಗ ಕ್ಲಚ್ಚನ್ನೂ ಅದೇ ಬಿಡಿಸುತ್ತದೆ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇರುವುದರಿಂದ ಕರಿ ತೆಗೆಸುವಾಗ ಎರಡನ್ನೂ ತೆಗೆಸಬೇಕು.

● ಎಂಜಿನ್ ಜಾಮ್ ಆಗಿದ್ದರೆ ಕಿಕ್ಕರಿನ ಮೇಲೆ ಹತ್ತಿ ನಿಲ್ಲಬೇಡಿ. ಪ್ಲಗ್ ಬಿಚ್ಚಿ, ತೂತಿನಿಂದ ಡೀಸೆಲ್ ಸುರಿದು, ನಾಲ್ಕಾರು ದಿನ ನೆನೆಯಲು ಬಿಡಿ. ಆಮೇಲೂ ಬಿಡದಿದ್ದರೆ ಹೆಡ್ ಬಿಚ್ಚಿ, ಪಿಸ್ಟನ್ ತಲೆಯ ಮೇಲೆ ಮರದ ತುಂಡಿಟ್ಟು ಮೆಲ್ಲಗೆ ತಟ್ಟಬೇಕು. ಕಬ್ಬಿಣದ ಸುತ್ತಿಗೆಯನ್ನು ನೇರವಾಗಿ ತಾಗಿಸಿದರೆ ಅಲ್ಯೂಮಿನಿಯಂ ಪಿಸ್ಟನ್ ಹಾಳಾದಂತೆಯೇ.

● ಓಡುತ್ತಿದ್ದ ಗಾಡಿ ಸೀಜ್ ಆಗುವುದೇಕೆ? ಬಿಸಿಯಾದಾಗ ಅಲ್ಯೂಮಿನಿಯಂ ಎರಕದ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಪಿಸ್ಟನ್ ಅಲ್ಯೂಮಿನಿಯಂ, ಸಿಲಿಂಡರ್ ಎರಕದ ಕಬ್ಬಿಣ. ನಡುವಿನ ಕೂದಲೆಳೆಯ ಜಾಗ ಮುಗಿದರೆ ಕಥೆ ಮುಗಿಯಿತು.

● ಇನ್ನು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ವಸ್ತು: ಕ್ರ್ಯಾಂಕಿನ ಎರಡು ತುದಿಯಲ್ಲಿರುವ ಆಯಿಲ್ ಸೀಲು. ಅಂಗೈಗಿಂತ ಚಿಕ್ಕದಾದ ರಬ್ಬರ್ ಬಳೆ. ಟೂ ಸ್ಟ್ರೋಕಿನಲ್ಲಿ ಪೆಟ್ರೋಲು-ಗಾಳಿಯ ಮಿಶ್ರಣ ಮೊದಲು ಕೆಳಗಿನ ಕ್ರ್ಯಾಂಕ್ ಕೋಣೆಗೆ ಬಂದು, ಅಲ್ಲಿ ಒತ್ತಡ ಪಡೆದು ಮೇಲಕ್ಕೆ ಹೋಗಬೇಕು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಸೀಲಿನ ರಬ್ಬರ್ ಒಣಗಿ ಗಟ್ಟಿಯಾಗಿರುತ್ತದೆ. ಡೈನಮೋ ಕಡೆಯ ಸೀಲು ಹೋದರೆ ಹೊರಗಿನ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಅತಿಯಾಗಿ ಕಾಯುತ್ತದೆ, ಹೊಸದಾಗಿ ಬೋರ್ ಹಾಕಿಸಿದ ಸಿಲಿಂಡರ್ ಕೂಡ ಸೀಜ್ ಆಗುತ್ತದೆ. ಕ್ಲಚ್ ಕಡೆಯ ಸೀಲು ಹೋದರೆ ಗೇರ್ ಆಯಿಲನ್ನೇ ಹೀರಿ ಸುಡುತ್ತದೆ. ಬಿಳಿ ಹೊಗೆ ದಟ್ಟವಾಗಿ ಬರುತ್ತಿದ್ದು, ಗೇರ್ ಆಯಿಲ್ ಮಟ್ಟ ಇಳಿಯುತ್ತಿದ್ದರೆ ಅನುಮಾನವೇ ಬೇಡ. ಟ್ಯಾಂಕಿಗೆ ಕ್ರೋಮು, ಪಟ್ಟಿಗೆ ಚಿನ್ನದ ಬಣ್ಣ ಎಂದು ಸಾವಿರಾರು ರೂಪಾಯಿ ಸುರಿದು ಈ ಸೀಲನ್ನು ಮರೆಯುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಗುಜರಿಯಿಂದ ಏನು ಬೇಕಾದರೂ ತನ್ನಿ. ಸೀಲು, ಪ್ಯಾಕಿಂಗು, ಬೇರಿಂಗು ಮಾತ್ರ ಹೊಸದೇ ಆಗಿರಲಿ.

● ಸಿಲಿಂಡರ್ ಸವೆದಿದ್ದರೆ ಲೇತಿಗೆ ಕೊಟ್ಟು ಬೋರ್ ಹಾಕಿಸಿ, 0.25 ಅಥವಾ 0.50 ಎಂ.ಎಂ. ದೊಡ್ಡ ಪಿಸ್ಟನ್ ಹಾಕುತ್ತಾರೆ. ಪಿಸ್ಟನ್ನಿನ ರಿಂಗ್ ಕೂರುವ ತೋಡಿನಲ್ಲಿ ಒಂದು ಪುಟ್ಟ ಪಿನ್ ಇರುವುದನ್ನು ಗಮನಿಸಿದ್ದೀರಾ? ರಿಂಗು ತಿರುಗಿ ಅದರ ತುದಿ ಕಿಂಡಿಗೆ ಸಿಕ್ಕಿಕೊಳ್ಳದಂತೆ ತಡೆಯುವುದೇ ಅದರ ಕೆಲಸ.

● ಪ್ಲಗ್ಗಿನ ತುದಿ ಕಾಫಿಪುಡಿ ಬಣ್ಣಕ್ಕಿದ್ದರೆ ಎಂಜಿನ್ ಚೆನ್ನಾಗಿದೆ. ಬೆಳ್ಳಗಿದ್ದರೆ ಪೆಟ್ರೋಲು ಸಾಲದು, ಕಪ್ಪಗೆ ಜಿಡ್ಡಾಗಿದ್ದರೆ ಪೆಟ್ರೋಲೋ ಎಣ್ಣೆಯೋ ಹೆಚ್ಚು.

● ಮದ್ರಾಸಿನ ಕಡಲ ಗಾಳಿ ಖಾಲಿ ಟ್ಯಾಂಕಿಗೆ ದೊಡ್ಡ ಶತ್ರು. ಈಗ ಬಂಕುಗಳಲ್ಲಿ ಸಿಗುವ ಶೇ. 20 ಎಥನಾಲ್ ಬೆರೆತ ಪೆಟ್ರೋಲು ತೇವವನ್ನು ಇನ್ನಷ್ಟು ಎಳೆದುಕೊಳ್ಳುತ್ತದೆ, ಹಳೇ ಕಾಲದ ರಬ್ಬರ್ ಪೈಪನ್ನೂ ಮೆತ್ತಗಾಗಿಸುತ್ತದೆ. ತಿಂಗಳುಗಟ್ಟಲೆ ಓಡಿಸುವುದಿಲ್ಲವೆಂದಾದರೆ ಟ್ಯಾಂಕನ್ನೂ ಕಾರ್ಬೊರೇಟರನ್ನೂ ಬರಿದು ಮಾಡಿ, ಟ್ಯಾಂಕಿನ ಒಳಗೆ ಎಣ್ಣೆ ಸವರಿಡಿ. ಮತ್ತೊಂದು ಮಾತು, ತೂತಾದ ಟ್ಯಾಂಕನ್ನು ತೊಳೆಯದೆ ವೆಲ್ಡಿಂಗಿಗೆ ಕೊಡಬೇಡಿ. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿಯೇ ಸ್ಫೋಟಿಸುತ್ತದೆ.

● ಲೀಟರ್ ಪೆಟ್ರೋಲಿಗೆ 40 ಎಂ.ಎಲ್. ಎಣ್ಣೆ ಎಂದರೆ 1:25, 25 ಎಂ.ಎಲ್. ಎಂದರೆ 1:40. ಹೊಸ ಪಿಸ್ಟನ್ ಹಾಕಿದ ಮೊದಲಿಗೆ ಎಣ್ಣೆಯಲ್ಲಿ ಜಿಪುಣತನ ಬೇಡ.

● ಮದ್ರಾಸೆಂದರೆ ಫೋರ್ ಸ್ಟ್ರೋಕ್ ಬುಲೆಟ್ಟಿನ ಊರು, ನಿಜ. 1955ರಿಂದ ಎನ್‌ಫೀಲ್ಡ್ ಇಲ್ಲಿದೆ. ಆದರೆ ಅದೇ ಕಂಪನಿ ವಿಲಿಯರ್ಸ್ ಟೂ ಸ್ಟ್ರೋಕ್ ಎಂಜಿನ್ನಿನ ಫ್ಯಾಂಟಾಬ್ಯುಲಸ್ ಸ್ಕೂಟರನ್ನೂ, ಮುಂದೆ ಮಿನಿ ಬುಲೆಟ್ಟನ್ನೂ ಮಾಡಿತ್ತು. ಇಂಥದ್ದು ಸಿಕ್ಕರೆ ಬಿಡಬೇಡಿ.

● 50 ವರ್ಷ ದಾಟಿದ ದ್ವಿಚಕ್ರ, ಚತುಶ್ಚಕ್ರ ವಾಹನಗಳಿಗೆ 2021ರ ಕೇಂದ್ರ ನಿಯಮದಂತೆ ‘ವಿಎ’ ಅಕ್ಷರಗಳುಳ್ಳ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ ₹20,000, ಅವಧಿ 10 ವರ್ಷ. ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಚಾಸಿಯನ್ನೋ ಎಂಜಿನ್ನನ್ನೋ ಗಣನೀಯವಾಗಿ ಮಾರ್ಪಡಿಸಿದ್ದರೆ ಈ ಸೌಲಭ್ಯವಿಲ್ಲ. ಆದ್ದರಿಂದ ಸವೆದ ಮೂಲ ಎಂಜಿನ್ನನ್ನು ಎಸೆದು ಬೇರೊಂದನ್ನು ಕೂರಿಸುವ ಮುನ್ನ ಅದನ್ನೇ ರಿಪೇರಿ ಮಾಡಿಸಲಾದೀತೇ ಎಂದು ನೋಡಿ. ಬದಲಿಸಲೇಬೇಕಾದರೆ ಹೊಸ ನಂಬರ್ ಆರ್‌ಸಿಯಲ್ಲಿ ದಾಖಲಾಗಬೇಕು. ಬಿಲ್ಲಿಲ್ಲದ ಎಂಜಿನ್ನನ್ನೂ, ನಂಬರ್ ಉಜ್ಜಿ ಅಳಿಸಿದ ಎಂಜಿನ್ನನ್ನೂ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ.